ಹಿಂದಿನ ಬಾಗಿಲಿನ ನೆಗ್ಗು

"ಕಾರು ವಾಪಸ್ ಕೊಟ್ಬಿಡಿ. ಹಿಂದಿನ ಬಾಗಿಲಲ್ಲಿರೋ ನೆಗ್ಗಿಗೆ ಮಾತ್ರ ದುಡ್ಡು ಕೊಟ್ಟೀರಾ, ನೋಡಿ ಮತ್ತೆ. ಅದು ನಾವು ಮಾಡಿದ್ದಲ್ಲ."

ನನ್ನ ಹೆಂಡತಿ ನನಗೆ ಹೇಳಿದ ಕೊನೇ ಮಾತು ಇದು. ಹೂಂ ಅಂದೆ. ಆಸ್ಪತ್ರೆ ಎದುರಿನ ಅಂಗಡಿಗೆ ಕಾಫಿ ತರೋಕೆ ಹೋದೆ. ಬರೋ ಹೊತ್ತಿಗೆ ಅವಳು ಇರಲಿಲ್ಲ. ಬೇರೆಯವರ ಹೆಂಡಂದಿರು ಹೋಗುವಾಗ ದೇವರ ಹೆಸರು ಹೇಳ್ತಾರಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ ಅಂತಾರಂತೆ. ನನಗೆ ಸಿಕ್ಕಿದ್ದು ನೆಗ್ಗು. ನನಗೆ ಆಗೋದೆಲ್ಲ ಇಂಥವೇ. ಆ ಕಾರಿನ ವಿಷಯದಲ್ಲೇ ಆದ ನಾಲ್ಕೈದು ಹೇಳ್ತೀನಿ.

ಕಾರು ಅಂದರೆ ಅಂಬಾಸಿಡರು. ಸೆಕೆಂಡ್ ಹ್ಯಾಂಡು. ಪೀಣ್ಯದಲ್ಲಿ ಶೆಡ್ಡುಗಳು ಒಂದೊಂದಾಗಿ ಏಳ್ತಿದ್ದ ಕಾಲ. ದಾಸರಹಳ್ಳಿಯಿಂದ ನಾನು ಒಂದು ಫ್ಯಾಕ್ಟರಿಯ ಸಾಹೇಬರನ್ನ ಕರ್ಕೊಂಡು ಹೋಗಿ ಬಂದು ಮಾಡ್ತಿದ್ದೆ. ಕಾರು ಫೈನಾನ್ಸಿನಲ್ಲಿ ತಗೊಂಡಿದ್ದು. ಸಾಲ ತೀರೋವರೆಗೂ ಅದು ಅವರದ್ದೇ. ನಡುವೆ ವಾಪಸ್ ಕೊಟ್ಟರೆ, ಎಲ್ಲೆಲ್ಲಿ ಕೆಟ್ಟಿದೆಯೋ ಅದಕ್ಕೆಲ್ಲ ನಾವು ಮೊದಲು ಕಟ್ಟಿದ ಡಿಪಾಸಿಟ್ಟಿನಲ್ಲಿ ಹಿಡ್ಕೋತಾರೆ. ಅವಳು ಆಸ್ಪತ್ರೆ ಸೇರಿದ ಮೇಲೆ ನಾನು ಸ್ಟೇರಿಂಗ್ ಮುಟ್ಟಿರಲಿಲ್ಲ. ಕಾರು ಕೊಡಲೇಬೇಕಿತ್ತು.

೧. ತೊಳೆದದ್ದು

ತಿಥಿ ಕಳೆದ ವಾರಕ್ಕೆ ಕೊಡೋಕೆ ಹೊರಟೆ. ಕೊಳೆ ಗಾಡಿ ಕೊಡೋದು ಮರ್ಯಾದೆ ಅಲ್ಲ ಅಂತ ಬೆಳಿಗ್ಗೆಯೇ ಬಾವಿ ಹತ್ತಿರ ನಿಲ್ಲಿಸಿಕೊಂಡೆ. ನಮ್ಮ ಕಡೆ ರಸ್ತೆ ಆಗ ಅರ್ಧ ಮಣ್ಣು. ಎರಡು ವರ್ಷದ ಕೆಂಪು ಧೂಳು ಗಾಡಿ ಮೇಲೆ ಕೂತಿತ್ತು. ಸೋಪಿನ ಪುಡಿ ಹಾಕಿ ತಿಕ್ಕಿದೆ. ಹೋಗಲಿಲ್ಲ. ತೆಂಗಿನ ನಾರು ತಂದು ತಿಕ್ಕಿದೆ. ಹೋಯಿತು. ಆಮೇಲೆ ಪಾಲಿಶ್ ಹಾಕಿದೆ. ಮುಖ ಕಾಣೋ ಹಾಗಾಯಿತು.

ಫೈನಾನ್ಸಿನ ಮೇಸ್ತ್ರಿ ಪೆನ್ಸಿಲ್ ಹಿಡಕೊಂಡು ಗಾಡಿ ಸುತ್ತ ಬಂದ. ಗೀರು ಗೀರಿಗೂ ಬರೆದ. ಎರಡನೇ ಹಾಳೆ ತಗೊಂಡ.

"ಯಾರು ತೊಳೆದಿದ್ದು?" ಅಂದ.

"ನಾನೇ."

"ಯಾತರಲ್ಲಿ ಉಜ್ಜಿದ್ರಿ?"

"ತೆಂಗಿನ ನಾರು."

ಮೂರನೇ ಹಾಳೆ ತಗೊಂಡ.

"ಅಣ್ಣ, ಮಣ್ಣಲ್ಲೇ ತಂದಿದ್ರೆ ಅರ್ಧ ಹಾಳೆಗೆ ಮುಗೀತಿತ್ತು. ತಿಳಿದವರು ಮಳೆಗಾಲದಲ್ಲಿ ತಂದು ಕೊಡ್ತಾರೆ, ನಾನೂ ಛತ್ರಿ ಹಿಡ್ಕೊಂಡು ದೂರದಿಂದ ನೋಡ್ತೀನಿ. ನೀವು ತೋರಿಸಲೇಬೇಕು ಅಂತ ತಂದಿದ್ದೀರಲ್ಲ," ಅಂದ.

೨. ಸೈನು

ಒಳಗೆ ಮ್ಯಾನೇಜರು ಆ ಹಾಳೆಗಳನ್ನ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ನನ್ನ ಮುಂದೆ ಇಟ್ಟರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಆದರೆ ಕೂಡಿಸಿಕೊಂಡು ಓದ್ತೀನಿ. ಇಂಗ್ಲಿಷ್ ಅಂದರೆ ಬಸ್ಸಿನ ನಂಬರು, ಅಷ್ಟೇ.

ಆದರೆ ಸೈನು ಮಾತ್ರ ಚೆನ್ನಾಗಿ ಹಾಕ್ತೀನಿ. ಕೊನೇ ಅಕ್ಷರದಿಂದ ಒಂದು ಬಾಲ ಎಳೆದು, ಅದನ್ನ ಮೊದಲನೇ ಅಕ್ಷರದ ಕೆಳಗೆ ತಂದು, ಎರಡು ಚುಕ್ಕೆ ಇಡ್ತೀನಿ. ಹೊತ್ತು ಹಿಡಿಯತ್ತೆ. ಮ್ಯಾನೇಜರು ಕಾದರು. ಆಮೇಲೆ ಹಾಳೆ ತಿರುಗಿಸಿ ನೋಡಿ, "ಏನ್ರೀ, ಸೈನು ಇಷ್ಟು ಚೆನ್ನಾಗಿದೆ!" ಅಂದರು.

ಉಬ್ಬಿಹೋದೆ. ಇನ್ನೆರಡು ಕಾಪಿ ಇತ್ತು. ಅದಕ್ಕೆ ಕಾರ್ಬನ್ ಇಡ್ತೀನಿ ಅಂದರು. ಬೇಡ ಸಾರ್, ಕಾರ್ಬನ್ನಿನಲ್ಲಿ ಬಾಲ ಸರಿಯಾಗಿ ಬರಲ್ಲ ಅಂದೆ. ಒಂದೊಂದಕ್ಕೂ ಕೂತು ಬೇರೆ ಬೇರೆ ಹಾಕಿದೆ.

ಸಂಜೆ ಫ್ಯಾಕ್ಟರಿ ಗೇಟಿನಲ್ಲಿ ಟೈಮ್ ಕೀಪರಿಗೆ ನನ್ನ ಕಾಪಿ ತೋರಿಸಿದೆ. ಒಳ್ಳೇ ಹುಡುಗ, ಇಂಗ್ಲಿಷ್ ಬಲ್ಲವನು.

"ಹನ್ನೊಂದು ಐಟಂ ಇದೆ ಅಣ್ಣ," ಅಂದ. ಒಂದೊಂದೇ ಓದಿದ. "ಒಂಬತ್ತನೇದು, ಹಿಂದಿನ ಎಡಗಡೆ ಡೋರಲ್ಲಿ ದೊಡ್ಡ ನೆಗ್ಗು."

"ಅದು ನಾವು ಮಾಡಿದ್ದಲ್ಲ! ಕಾರು ತಗೊಂಡಾಗಲೇ ಇತ್ತು!"

"ಕೆಳಗೆ ಬರೆದಿದೆಯಲ್ಲ. 'ಇವೆಲ್ಲಾ ನನ್ನಿಂದಲೇ ಆದದ್ದು, ಓದಿ ಒಪ್ಪಿದ್ದೇನೆ' ಅಂತ." ಹಾಳೆಯನ್ನ ಇನ್ನೊಂದು ಸಲ ಬೆಳಕಿಗೆ ಹಿಡಿದ. "ಆದ್ರೂ ಸೈನು ಚೆನ್ನಾಗಿದೆ ಅಣ್ಣ."

೩. ಫ್ಯಾನ್ ಬೆಲ್ಟು

ಹನ್ನೊಂದರಲ್ಲಿ ಹತ್ತು ನಮ್ಮದೇ. ಅವಕ್ಕೆ ನಾನು ಜಗಳ ಆಡಲಿಲ್ಲ. ನಾಲ್ಕನೇ ಐಟಂ ಅಂತೂ ಹೇಗೆ ಇಲ್ಲ ಅನ್ನಲಿ. 'ಮುಂದಿನ ಸೀಟಿನ ಅಡಿ ರೆಗ್ಸಿನ್ ಕೆದರಿ ಹೋಗಿದೆ.'

ನನ್ನ ಹೆಂಡತಿ ತವರು ವರ್ತೂರು. ಒಂದು ಭಾನುವಾರ ಅಲ್ಲಿಂದ ಬರುವಾಗ ಕೋಳಿ ತಂದಳು. ಮನೆಗೆ ಬಂದು ಇಳಿಸಿದರೆ ಎರಡು ಸಿಕ್ಕಿದವು.

"ಮೂರು ತಂದಿದ್ದೆ," ಅಂದಳು.

"ಎರಡೇ ಕಣೇ. ನಾನೇ ಬುಟ್ಟಿ ಎತ್ತಿ ಇಟ್ಟಿದ್ದು."

"ಎಣಿಸೋಕೆ ಬರಲ್ವಾ ನನಗೆ? ಮೂರು."

ಊಟದ ತನಕ ನಡೀತು. ಅವಳಿಗೆ ಸಾಕಾಗಿ, "ಆಯ್ತು ಬಿಡಿ, ಎರಡೇ," ಅಂದಳು. ಮದುವೆಯಾದ ಮೇಲೆ ನಾನು ಗೆದ್ದದ್ದು ಅದೇ ಮೊದಲು. ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಸಾಹೇಬರು ಹಿಂದೆ ಕೂತರು. ನೂರು ಗಜ ಹೋಗಿರಲಿಲ್ಲ. ನನ್ನ ಸೀಟಿನ ಕೆಳಗೆ ಕೊರ್‌ರ್... ಕೊರ್‌ರ್... ಅಂತ ಶುರುವಾಯಿತು.

"ಏನ್ರೀ ಅದು ಸೌಂಡು?"

ಏನು ಅಂತ ನನಗೆ ಗೊತ್ತಾಗಿಹೋಯಿತು. "ಬೇರಿಂಗ್ ಇರಬೇಕು ಸಾರ್," ಅಂದೆ.

ಸಾಹೇಬರು ದೊಡ್ಡ ಇಂಜಿನಿಯರು. ಮುಂದಕ್ಕೆ ಬಗ್ಗಿ ಕಿವಿ ಕೊಟ್ಟರು. "ಬೇರಿಂಗ್ ಹಿಂಗೆ ಬರಲ್ಲ. ಇದು ಫ್ಯಾನ್ ಬೆಲ್ಟು. ಲೂಸಾಗಿದೆ. ಸ್ಪೀಡ್ ಕಡಿಮೆ ಮಾಡಿ."

ಮಾಡಿದೆ. ಕೋಳಿ ಸುಮ್ಮನಾಯಿತು.

"ನೋಡಿದ್ರಾ?" ಅಂದರು.

ಫ್ಯಾಕ್ಟರಿ ತನಕ ಎತ್ತಿನಗಾಡಿ ಹಿಂದೆ ಎತ್ತಿನಗಾಡಿ ಥರ ಹೋದೆ. ಗೇಟಿನಲ್ಲಿ ಬ್ರೇಕ್ ಹಾಕಿದ್ದೇ, ಕೊಕ್ಕೊಕ್ಕೊಕ್ಕೋ ಅಂತ ಕಾರೆಲ್ಲ ಕಿತ್ತುಹೋಗೋ ಹಾಗೆ ಕೂಗಿತು. ಸಾಹೇಬರು ಇಳಿದರು. ಮುಂದಿನ ಬಾಗಿಲು ತೆಗೆದು ಸೀಟಿನ ಕೆಳಗೆ ಕೈ ಹಾಕಿದರು. ಕೈಯಲ್ಲಿ ಏನು ಬಂತೋ ಅದನ್ನ ಸ್ವಲ್ಪ ಹೊತ್ತು ನೋಡಿದರು. ಇನ್ನೂ ಬೆಚ್ಚಗಿತ್ತು ಅಂತ ಕಾಣತ್ತೆ.

"ಫ್ಯಾನ್ ಬೆಲ್ಟು ಮೊಟ್ಟೆ ಇಟ್ಟಿದೆ ಕಣ್ರೀ," ಅಂದರು.

೪. ಮೂರು ಪಟ್ಟೆ

ಏಳನೇ ಐಟಂ ಬಾನೆಟ್ಟು.

ಆಯುಧಪೂಜೆ ದಿನ ಅವಳು ಬಾನೆಟ್ಟಿಗೆ ವಿಭೂತಿ ಮೂರು ಪಟ್ಟೆ ಎಳೀತಿದ್ದಳು. ಮೊದಲನೇ ವರ್ಷ ಸಂಜೆಯೊಳಗೆ ಗಾಳಿಗೆ ಹೋಯಿತು. ಅವಳಿಗೆ ಸಮಾಧಾನ ಆಗಲಿಲ್ಲ. ಎರಡನೇ ವರ್ಷ ಗೋಡೆಗೆ ಬಳಿಯೋ ಸುಣ್ಣ ಕಲಸಿ ಎಳೆದಳು. "ಈ ಸಲ ಹೋಗಲ್ಲ ನೋಡಿ," ಅಂದಳು.

ಹೋಗಲಿಲ್ಲ. ಬಣ್ಣ ತಿಂದು ಒಳಗೇ ಕೂತಿತು. ಸೀಮೆಎಣ್ಣೆ ಹಾಕಿದೆ, ಹುಣಸೆಹಣ್ಣು ಹಾಕಿದೆ. ಇನ್ನೂ ಬೆಳ್ಳಗಾಯಿತು.

ಕಾರು ಒಪ್ಪಿಸಿದ ದಿನ ಮ್ಯಾನೇಜರು ಬಿಸಿಲಿಗೆ ಕೈ ಅಡ್ಡ ಹಿಡಿದು ಹೊರಗೆ ಬಂದರು. ಬಾನೆಟ್ ನೋಡಿದರು. ಚಪ್ಪಲಿ ಬಿಟ್ಟರು. ಬಾನೆಟ್ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡರು. ನನಗೆ ಜೀವ ಬಂದ ಹಾಗಾಯಿತು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಮೇಸ್ತ್ರಿ ಕಡೆ ತಿರುಗಿ, "ಬಾನೆಟ್ ಪೂರ್ತಿ ಪೇಂಟಿಂಗ್ ಅಂತ ಬರ್ಕೋ," ಅಂದರು.

೫. ಒಂಬತ್ತನೇದು

"ಒಂಬತ್ತನೇದು ಒಂದು ತೆಗೀರಿ ಸಾರ್. ಮಿಕ್ಕಿದ್ದೆಲ್ಲ ಹಿಡ್ಕೊಳ್ಳಿ. ಅದು ನಾವು ಮಾಡಿದ್ದಲ್ಲ."

ಇದನ್ನ ಹೇಳೋಕೆ ಗಾಂಧಿನಗರದ ಫೈನಾನ್ಸ್ ಆಫೀಸಿಗೆ ಮೂರು ಸಲ ಹೋದೆ. ಮೂರನೇ ಸಲ ಮ್ಯಾನೇಜರು, "ಪ್ರೂಫ್ ತನ್ನಿ, ತೆಗೀತೀನಿ," ಅಂದರು.

ಪ್ರೂಫ್ ಇತ್ತು. ಕಾರು ಮನೆಗೆ ಬಂದ ದಿನ ಪೂಜೆ ಮಾಡಿ, ಜಾಲಹಳ್ಳಿ ಕ್ರಾಸಿನ ಸ್ಟುಡಿಯೋದವರನ್ನ ಕರೆಸಿ ಫೋಟೋ ಹೊಡೆಸಿದ್ದೆವು. ಗೋಡೆ ಮೇಲಿದ್ದದ್ದನ್ನ ಫ್ರೇಮು ಸಮೇತ ಇಳಿಸಿಕೊಂಡು ಹೋದೆ.

ಮ್ಯಾನೇಜರು ಕನ್ನಡಕ ಹಾಕ್ಕೊಂಡರು. "ಕಾರೆಲ್ಲಿ?" ಅಂದರು.

ನಾನೂ ಬಗ್ಗಿ ನೋಡಿದೆ. ಎರಡು ವರ್ಷ ದಿನಾ ನೋಡಿದ್ದರೂ ಅದು ನನಗೆ ಹೊಳೆದಿರಲಿಲ್ಲ. ಕಾರಿನ ಮುಂದೆ ಇಡೀ ಬೀದಿ ನಿಂತಿತ್ತು. ಅಕ್ಕಪಕ್ಕದ ಮನೆಯವರು, ಅವರ ಮನೆಗೆ ಬಂದಿದ್ದ ನೆಂಟರು. ಕಾರು ಅಂತ ಕಾಣ್ತಿದ್ದದ್ದು ತಲೆಗಳ ಮೇಲೆ ಒಂದು ಗೆರೆ ಟಾಪು, ಮೂಲೇಲಿ ಒಂದು ಹೆಡ್‌ಲೈಟು.

"ಹಿಂದಿನ ಡೋರು ಇಲ್ಲಿ ಸಾರ್," ಅಂತ ಬೆರಳಿಟ್ಟೆ.

"ಇಲ್ಲಿ ಯಾರೋ ಹೆಂಗಸು ನಿಂತಿದ್ದಾರೆ."

"ನಮ್ಮ ಮನೆಯವರು ಸಾರ್. ನೆಗ್ಗು ಅವರ ಹಿಂದೆ ಇದೆ. ಫೋಟೋದಲ್ಲಿ ಕಾಣಬಾರದು ಅಂತ ಅಡ್ಡ ನಿಂತಿದ್ದಾರೆ. ಸೆರಗು ನೋಡಿ, ಹೆಂಗೆ ಹರಡಿ ಹಿಡ್ಕೊಂಡಿದ್ದಾರೆ. ನೆಗ್ಗು ಇಲ್ಲದಿದ್ರೆ ನನ್ನ ಪಕ್ಕ ನಿಲ್ತಿದ್ರಲ್ವಾ? ಐದು ಜನ ಬಿಟ್ಟು ಅಲ್ಲಿ ಯಾಕೆ ನಿಲ್ತಾರೆ?"

ಮ್ಯಾನೇಜರು ಫೋಟೋ ನೋಡಿದರು. ನನ್ನನ್ನ ನೋಡಿದರು. "ಅದಕ್ಕೆ ಬೇರೆ ಕಾರಣನೂ ಇರಬಹುದು," ಅಂದರು. ಆಮೇಲೆ, "ಸರಿ, ಅವರನ್ನೇ ಕರ್ಕೊಂಡು ಬನ್ನಿ. ಕೇಳೋಣ."

"ಬರಲ್ಲ ಸಾರ್."

"ಯಾಕೆ, ಕೋಪನಾ?"

"ಹೂಂ ಸಾರ್. ಸ್ವಲ್ಪ."

ಯಾಕೆ ಹಾಗಂದೆನೋ ಗೊತ್ತಿಲ್ಲ. ಅವರು ಕೇಳಿದರು, ಬಾಯಿಗೆ ಅದೇ ಬಂತು.

ಅಲ್ಲಿಂದ ಸೀದಾ ಸ್ಟುಡಿಯೋಗೆ ಹೋದೆ. ಅವತ್ತಿನದು ಬೇರೆ ಯಾವುದಾದರೂ ಇದೆಯಾ ಅಂದೆ. ಸ್ಟುಡಿಯೋದವರು ಡಬ್ಬ ಎಲ್ಲ ಹುಡುಕಿ ಒಂದು ನೆಗೆಟಿವ್ ತೆಗೆದರು. "ಇದು ಮೊದಲು ಹೊಡೆದದ್ದು. ಕೆಟ್ಟುಹೋಯ್ತು ಅಂತ ಪ್ರಿಂಟ್ ಹಾಕಿರಲಿಲ್ಲ. ಅಕ್ಕನ ಬಾಯಿ ತೆರೆದಿದೆ," ಅಂದರು.

ಪ್ರಿಂಟ್ ಹಾಕಿಸಿದೆ. ಅವತ್ತು ನಾನು ಪಂಚೆ ಮಂಡಿ ಮೇಲೆ ಕಟ್ಟಿಕೊಂಡು ನಿಂತುಬಿಟ್ಟಿದ್ದೆ. ಅದನ್ನ ಇಳಿಸಿ ಅಂತ ಅವಳು ಸಾಲಿನಿಂದ ಒಂದು ಹೆಜ್ಜೆ ಈಚೆ ಬಂದು, ಕೈ ಎತ್ತಿ, ನನಗೆ ಬೈತಿದ್ದಾಳೆ. ಬೀದಿ ಜನ ಎಲ್ಲ ತಿರುಗಿ ನನ್ನ ಕಾಲು ನೋಡ್ತಿದ್ದಾರೆ. ಅವಳು ಬಿಟ್ಟು ಬಂದ ಜಾಗದಲ್ಲಿ, ಬಾಗಿಲ ಮೇಲೆ, ನೆಗ್ಗು. ಮುದ್ದೆ ತಟ್ಟೆಯಷ್ಟು.

ಅವಳ ಫೋಟೋ ಇನ್ನೂ ಮೂರು ಇವೆ ಮನೇಲಿ. ಎಲ್ಲದರಲ್ಲೂ ಉಸಿರು ಬಿಗಿ ಹಿಡಿದು ನಿಂತಿದ್ದಾಳೆ. ಮಾತಾಡ್ತಿರೋದು ಇದೊಂದೇ.

ಮ್ಯಾನೇಜರು ನೋಡಿದ ತಕ್ಷಣ ಒಪ್ಪಿದರು. "ಇದೆ ಕಣ್ರೀ ನೆಗ್ಗು! ಒಂಬತ್ತನೇದು ಕ್ಯಾನ್ಸಲ್."

ಗೆದ್ದೆ ಅಂದುಕೊಂಡೆ. ಅವರು ಫೈಲು ತೆಗೆದರು. ಕಾಗದ ತೂತು ಮಾಡೋ ಮಷಿನ್ ಎಳ್ಕೊಂಡು ಫೋಟೋ ಅದರ ಬಾಯಿಗೆ ಇಟ್ಟರು.

"ಸಾರ್, ಏನ್ಮಾಡ್ತೀರಿ?"

"ಫೈಲಿಗೆ ಹಾಕಬೇಕಲ್ಲ. ಪ್ರೂಫು."

ತೂತು ಬೀಳೋ ಜಾಗ ನೋಡಿದೆ. ಸರಿಯಾಗಿ ಅವಳ ಮೇಲೆ.

"ಈ ಕಡೆ ಹೊಡೀರಿ ಸಾರ್. ನಾನಿರೋ ಕಡೆ."

"ಎಲ್ಲಿ ಹೊಡೆದ್ರೇನು, ಫೈಲಲ್ಲೇ ಇರೋದಲ್ವಾ? ನಿಮಗೆ ಯಾಕ್ರೀ ಫೋಟೋ? ಮನೇಲಿ ಅವರೇ ಇದ್ದಾರಲ್ಲ."

ನಾನು ಫೋಟೋ ಕಿತ್ಕೊಂಡೆ.

"ಬೇಡ ಸಾರ್. ನೆಗ್ಗು ನಾನೇ ಮಾಡಿದ್ದು."

"ಇದರಲ್ಲಿ ಮೊದಲೇ ಇದೆಯಲ್ರೀ!"

"ಅದು ಬೇರೆ ನೆಗ್ಗು ಸಾರ್. ಅದನ್ನ ಸರಿ ಮಾಡಿಸಿದ್ದೆ. ಆಮೇಲೆ ಅಲ್ಲೇ ನಾನು ಗುದ್ದಿದೆ."

"ಯಾವುದಕ್ಕೆ ಗುದ್ದಿದ್ರಿ?" ಪೆನ್ನು ತೆಗೆದರು. ಕಾರಣ ಬರೀಬೇಕಂತೆ.

ತೋಚಿದ್ದು ಹೇಳಿದೆ. "ಎಮ್ಮೆಗೆ."

"ಹಿಂದಿನ ಡೋರಲ್ಲಿ ಎಮ್ಮೆಗೆ ಹೆಂಗ್ರೀ ಗುದ್ದಿದ್ರಿ?"

"ಎಮ್ಮೆನೇ ಬಂತು ಸಾರ್."

"ಎಮ್ಮೆಗೇನಾಯ್ತು?"

"ಚೆನ್ನಾಗಿದೆ ಸಾರ್. ಹಾಲು ಕೊಡ್ತಿದೆ."

ಬರ್ಕೊಂಡರು. ನೆಗ್ಗಿನ ದುಡ್ಡನ್ನೂ ಡಿಪಾಸಿಟ್ಟಿನಲ್ಲಿ ಹಿಡ್ಕೊಂಡರು. ಅವಳು ಏನು ಬೇಡ ಅಂದಿದ್ದಳೋ ಅದನ್ನೇ ಮಾಡಿ ಬಂದೆ.

ಸಂಜೆ ಟೈಮ್ ಕೀಪರಿಗೆ ಎಲ್ಲ ಹೇಳಿದೆ. ಅವನು ಫೋಟೋ ಇಸ್ಕೊಂಡು ನೋಡಿದ. ಆಮೇಲೆ, "ಅಣ್ಣ, ನೆಗೆಟಿವ್ ಸ್ಟುಡಿಯೋದಲ್ಲೇ ಇದೆಯಲ್ವಾ? ಇನ್ನೊಂದು ಪ್ರಿಂಟ್ ಹಾಕ್ಸಿ ಅವರಿಗೊಂದು ಕೊಟ್ಟಿದ್ರೆ ಆಗ್ತಿರಲಿಲ್ವಾ?" ಅಂದ.

ಇಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ.

"ಈಗಲೂ ಕೊಡಬಹುದು. ಎಮ್ಮೆ ಸುಳ್ಳು ಅಂತ ಹೇಳಿ. ದುಡ್ಡು ವಾಪಸ್ ಬರತ್ತೆ," ಅಂದ.

ಮಾರನೇ ದಿನ ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆಗೆಯೋ ಮೊದಲೇ ಹೋಗಿ ನಿಂತೆ. ಇನ್ನೊಂದು ಪ್ರಿಂಟ್ ಹಾಕಿಸಿದೆ. ಗಾಂಧಿನಗರಕ್ಕೆ ಹೋಗೋಕೆ ಬಸ್ ಸ್ಟಾಪಿಗೆ ಬಂದೆ. ಅವರಿಗೆ ಯಾವುದು ಕೊಡೋದು ಅಂತ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದೆ. ಎರಡೂ ಒಂದೇ ಥರ ಇದ್ದವು. ಎರಡರಲ್ಲೂ ಬೈತಿದ್ದಳು. ಮೂರು ಬಸ್ಸು ಹೋದವು. ಯಾವುದು ಕೊಡೋದು ಅಂತ ತೀರ್ಮಾನ ಆಗಲಿಲ್ಲ. ರಸ್ತೆ ದಾಟಿ, ಆ ಕಡೆ ನಿಂತಿದ್ದ ದಾಸರಹಳ್ಳಿ ಬಸ್ಸು ಹತ್ತಿ ಮನೆಗೆ ಬಂದೆ.