ಕೆಂಪು ಗ್ರಹಕ್ಕೆ ಅಣ್ಣನ ಅನುವಾದ

ನಮ್ಮ ಬಡಾವಣೆಯ ಸಂಘದ ನಾಲ್ಕು ಪುಟದ ಪತ್ರಿಕೆಗೆ ಹಳೆಯ ವೈಜ್ಞಾನಿಕ ಧಾರಾವಾಹಿಯೊಂದರ ಕಂತಿನ ವಿಮರ್ಶೆ ಬರೆಯಲು ಈ ಭೂಮಂಡಲದಲ್ಲಿ ನನಗಿಂತ ಯೋಗ್ಯರು ಯಾರೂ ಇರಲಿಲ್ಲ. ನಾನು ಇಂಗ್ಲಿಷ್ ಎಂ.ಎ. ಕಾಲೇಜಿನಲ್ಲಿ ಇಪ್ಪತ್ತೈದು ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಮೇಲಾಗಿ ಆ ಕಂತು ನನಗೆ ಎಂಟನೆಯ ವಯಸ್ಸಿನಿಂದಲೂ ಬಾಯಿಪಾಠ!

ಅದಕ್ಕೆ ಕಾರಣ ನಮ್ಮಣ್ಣ. ಬಸವೇಶ್ವರನಗರದಲ್ಲಿ ನಾವಿದ್ದ ಬಾಡಿಗೆ ಮನೆಯ ಮಾಲೀಕರ ಹತ್ತಿರ ಮಾತ್ರ ಟಿ.ವಿ. ಇತ್ತು. ಭಾನುವಾರ ಅವರ ಕಿಟಕಿಯ ಸರಳು ಹಿಡಿದು ಹೊರಗಿನಿಂದಲೇ ನೋಡುತ್ತಿದ್ದೆವು. ಇಂಗ್ಲಿಷ್ ಧಾರಾವಾಹಿ, ನನಗೆ ಒಂದಕ್ಷರ ತಿಳಿಯದು. ಎಸ್ಸೆಸ್ಸೆಲ್ಸಿ ಓದುತ್ತಿದ್ದ ಅಣ್ಣ ನನ್ನನ್ನು ಎರಡು ಇಟ್ಟಿಗೆಯ ಮೇಲೆ ನಿಲ್ಲಿಸಿ, ಪ್ರತಿ ಮಾತನ್ನೂ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದ. ಎಲ್ಲೂ ತಡವರಿಸುತ್ತಿರಲಿಲ್ಲ. ಅವನ ಹಾಗಾಗಬೇಕೆಂದೇ ನಾನು ಇಂಗ್ಲಿಷ್ ಹಿಡಿದದ್ದು. ಅವನು ಮಾತ್ರ ಓದು ಸಾಕೆಂದು ಸ್ಕೂಟರ್ ಗ್ಯಾರೇಜು ಸೇರಿದ.

ಅಣ್ಣ ತೀರಿಕೊಂಡು ಆರು ತಿಂಗಳಾಗಿತ್ತು. ಆಸ್ಪತ್ರೆಯಲ್ಲಿ ಅವನ ಕೈ ಬಿಡಿಸಿಕೊಂಡು, "ನಾಳೆ ಬರ್ತೀನಿ ಕಣೋ" ಎಂದು ಹೊರಟಿದ್ದೆ. ನಾಳೆಗೆ ಅವನಿರಲಿಲ್ಲ. ಅದು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಒಂದು ವಿಮರ್ಶೆಯನ್ನಾದರೂ ಅವನ ಹೆಸರಿಗೆ ಅರ್ಪಿಸೋಣವೆಂದು ಕೂತೆ.

"ಬರಿಯೋಕ್ ಮುಂಚೆ ಒಂದ್ಸಲ ನೋಡ್ಬಾರ್ದಾ? ಎಲ್ಲಾ ಫೋನಲ್ಲೇ ಸಿಗತ್ತೆ," ಎಂದಳು ಹೆಂಡತಿ.

"ನಂಗೇ ಪಾಠನಾ?" ಎಂದೆ.

ಬರೆದೆ. ಭ್ರಾತೃಪ್ರೇಮದ ಮಹಾಕಾವ್ಯ ಅಂತಲೇ ಬರೆದೆ! ಕೆಂಪು ಗ್ರಹದಲ್ಲಿ ತಮ್ಮನಿಗೆ ಗಾಯವಾಗುತ್ತದೆ. ಗಡ್ಡದ ಚಿಕ್ಕಪ್ಪ ಕಾವಲು ಕಾಯುತ್ತಾನೆ. ರೋಬೋ ಔಷಧಿ ತರುತ್ತದೆ, ಆದರೆ ಸಾಲದು. ಕೊನೆಗೆ ಅಣ್ಣ, "ನಾಳೆನೇ ಬರ್ತೀನಿ" ಎಂದು ಇನ್ನಷ್ಟು ಔಷಧಿ ತರಲು ಆಕಾಶಹಡಗು ಹತ್ತುತ್ತಾನೆ. ಅಡಿಯಲ್ಲಿ, "ನನ್ನ ಮೊದಲ ಇಂಗ್ಲಿಷ್ ಮೇಷ್ಟರಾದ ಅಣ್ಣನಿಗೆ" ಎಂದು ಸೇರಿಸಿದೆ.

ಸಂಘದ ಕಾರ್ಯದರ್ಶಿ ಪುಟ್ಟಸ್ವಾಮಿ ಮನೆಗೇ ಬಂದರು. "ಸಾರ್, ಓದಿ ಕಣ್ಣಲ್ಲಿ ನೀರು ಬಂತು. ಭಾನುವಾರ ಸಂಘದ ಹಾಲಲ್ಲಿ ಪರದೆ ಮೇಲೆ ಹಾಕ್ಬಿಡೋಣ. ನೀವು ಜೊತೆಜೊತೆಗೆ ಕನ್ನಡದಲ್ಲಿ ಹೇಳ್ತಾ ಹೋಗಿ."

ಒಪ್ಪಿದೆ. ಅತ್ತಿಗೆಯನ್ನೂ ಕರೆತಂದು ಮೊದಲ ಸಾಲಿನಲ್ಲಿ ಕೂರಿಸಿದೆ. ಮೈಕು ಹಿಡಿದೆ.

"ಈಗ ಚಿಕ್ಕಪ್ಪ ಬರ್ತಾರೆ ನೋಡಿ," ಎಂದೆ. ಗಡ್ಡದ ಚಿಕ್ಕಪ್ಪ ಬಂದ. ಬಂದೂಕು ತೆಗೆದ. ತಮ್ಮನಿಗೆ ಗುಂಡು ಹೊಡೆದ!

ಹಾಲಿನಲ್ಲಿ ಕೂತವರೆಲ್ಲ ನನ್ನ ಕಡೆ ತಿರುಗಿದರು. "ಸಂಸಾರ ಅಂದ್ಮೇಲೆ ಇದ್ದಿದ್ದೇ," ಎಂದೆ ಮೈಕಿನಲ್ಲಿ.

"ಈಗ ರೋಬೋ ಔಷಧಿ ಡಬ್ಬಿ ತೆಗೆಯತ್ತೆ," ಎಂದೆ. ತೆಗೆಯಿತು. ಒಳಗಿದ್ದದ್ದು ಕೈಕೋಳ!

ಅಷ್ಟರಲ್ಲಿ ಗಾಯಾಳು, ನನ್ನ ಲೆಕ್ಕದ ಅಣ್ಣನನ್ನು ನೋಡಿ, ನೀನು ಯಾರೆಂದೇ ನನಗೆ ಗೊತ್ತಿಲ್ಲ ಎಂದು ಸ್ಪಷ್ಟ ಇಂಗ್ಲಿಷಿನಲ್ಲಿ ಹೇಳಿದ.

"ಸಾರ್, ಇದು ಬೇರೆ ಕಂತಿರ್ಬೇಕು," ಎಂದು ಪುಟ್ಟಸ್ವಾಮಿ ನನ್ನನ್ನು ಉಳಿಸಲು ನೋಡಿದರು. ಬೇರೆಯಲ್ಲ. ಅದೇ ಗುಹೆ, ಅದೇ ಗಡ್ಡ, ಅದೇ ಹಡಗು. ಪ್ರತಿ ಚಿತ್ರವೂ ನನಗೆ ಗೊತ್ತಿತ್ತು. ಮಾತು ಮಾತ್ರ ಒಂದೂ ಗೊತ್ತಿರಲಿಲ್ಲ. ಮೈಕು ಕೆಳಗಿಟ್ಟೆ.

ಕೊನೆಯ ದೃಶ್ಯದಲ್ಲಿ ಹಡಗು ಮೇಲೆದ್ದಿತು. ಕೆಳಗೆ ಗಾಯಾಳು ಒಬ್ಬನೇ ಕೈಯೆತ್ತಿ ನಿಂತಿದ್ದ. ಹಡಗಿನ ಯಜಮಾನ, ಅಂದರೆ ನನ್ನ ಲೆಕ್ಕದ ಅಣ್ಣ, ಹೇಳಿದ್ದು ಇಷ್ಟೇ: ತಿರುಗಿ ನೋಡಬೇಡಿ, ಇಲ್ಲಿಗೆ ಯಾರೂ ಮತ್ತೆ ಬರುವುದಿಲ್ಲ. ಆ ದೃಶ್ಯಕ್ಕೆ ಅಂದು ಕಿಟಕಿಯ ಹತ್ತಿರ ನಾನು ಅತ್ತಿದ್ದೆ. ಅಣ್ಣ ನನ್ನ ಮೂಗು ಒರೆಸಿ, "ಅಳ್ಬೇಡ್ವೋ, ನಾಳೆನೇ ಬರ್ತೀನಿ ಅಂತಿದಾನೆ," ಎಂದಿದ್ದ. ಈಗ ಐವತ್ತರ ಹತ್ತಿರದಲ್ಲಿ, ಬಡಾವಣೆಯ ಎದುರು ಮತ್ತೆ ಅಳು ಬಂತು.

ಬೋಂಡ ಕಾಫಿಯ ಹೊತ್ತಿಗೆ ಯಾರೋ, "ನಿಮ್ಮ ಸ್ಟೂಡೆಂಟ್ಸು ಪಾಸಾಗ್ತಾರಾ ಸಾರ್?" ಎಂದು ಕೇಳಿದರು. ನಾನು ಅತ್ತಿಗೆಯ ಪಕ್ಕ ಹೋಗಿ ಕೂತೆ.

"ಅತ್ತಿಗೆ, ಅಣ್ಣಂಗೆ ಇಂಗ್ಲಿಷ್ ಬರ್ತಿತ್ತಲ್ವಾ?"

"ಇಂಗ್ಲಿಷಾ? ಎಸ್ಸೆಸ್ಸೆಲ್ಸಿಲಿ ಮೂರು ಸಲ ಅದ್ರಲ್ಲೇ ಫೇಲು! ಅದಕ್ಕೇ ಗ್ಯಾರೇಜು ಸೇರಿದ್ದು. ನಿಂಗೆ ಹೇಳ್ಬಾರ್ದು ಅಂತ ನನ್ ಹತ್ರ ಆಣೆ ಹಾಕಿಸ್ಕೊಂಡಿದ್ರು." ಅತ್ತಿಗೆ ನಕ್ಕರು. ಆಮೇಲೆ ಕಾಫಿ ಲೋಟವನ್ನೇ ನೋಡುತ್ತಾ ಕೂತರು. "ಈ ಕಥೆ ನಂಗೂ ಎಷ್ಟೋ ಸಲ ಹೇಳಿದ್ರು. ಪೂರ್ತಿ ಸುಳ್ಳೇನೋ? ನಂಗಂತೂ ಇಂಗ್ಲಿಷ್ ತಿಳಿಯಲ್ಲ. ಹಡಗು ಹೋಗ್ವಾಗ ಅವನು ಏನಂದ? ವಾಪಸ್ ಬರ್ತೀನಿ ಅಂದ್ನಾ, ಇಲ್ವಾ?"

ಕಣ್ಣು ತುಂಬಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು.

"ಅಂದ ಅತ್ತಿಗೆ. ನಾಳೆನೇ ಬರ್ತೀನಿ ಅಂದ."

"ಹಂಗಾದ್ರೆ ಅದೊಂದಾದ್ರೂ ಸರಿಯಾಗ್ ಹೇಳಿದ್ರು," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಇಂಗ್ಲಿಷ್ ಎಂ.ಎ., ಇಪ್ಪತ್ತೈದು ವರ್ಷದ ಸರ್ವೀಸು. ಕಟ್ಟಕಡೆಯ ಪ್ರಶ್ನೆಗೆ, ಮೂರು ಸಲ ಫೇಲಾದವನ ಉತ್ತರವನ್ನೇ ಕಾಪಿ ಹೊಡೆದೆ!