ಕಾಲರ್ ಪಾಲಾದ ಥಯಮಿನ್

ಈ ಬೀದಿಯಲ್ಲಿ ಯಾರ ಅಂಗಿಯ ಕಾಲರ್ ಎಷ್ಟು ಸೆಟೆದು ನಿಲ್ಲಬೇಕು ಎಂದು ತೀರ್ಮಾನಿಸುವ ಏಕೈಕ ಅಧಿಕಾರಿ ನಾನು! ಲಾಂಡ್ರಿ ಚಿಕ್ಕದು, ಒಪ್ಪುತ್ತೇನೆ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಆದರೆ ಬಟ್ಟೆಗೆ ಗುರುತು ಹಾಕದೆ, ಚೀಟಿ ಅಂಟಿಸದೆ, ಗಿರಾಕಿಯ ಮುಖ ನೋಡಿದೊಡನೆ ಅವನ ಅಂಗಿ ಎತ್ತಿಕೊಡುವ ಭೂಪ ನನ್ನ ಹೊರತು ಇನ್ನೊಬ್ಬನಿಲ್ಲ. ಇವತ್ತಿನವರೆಗೆ ಒಬ್ಬರ ಪ್ಯಾಂಟು ಇನ್ನೊಬ್ಬರ ಮನೆ ಸೇರಿದ್ದಿಲ್ಲ. ಇಂಥ ಮಹಾಪುರುಷ ತನ್ನ ಹೆಂಡತಿಯ ಕಾಲುರಿಯನ್ನು ವಾಸಿ ಮಾಡಿಯೇ ತೀರುತ್ತೇನೆಂದು ಟೊಂಕ ಕಟ್ಟಿದರೆ ತಡೆಯುವವರು ಯಾರು?

ಹೌದು, ಹೆಂಡತಿಗೆ ಕಾಲುರಿ. ಇಸ್ತ್ರಿಯ ಖಾತೆ ಅವಳದು. ಸಂಜೆ ಪೆಟ್ಟಿಗೆ ಆರಿಸಿದ ತಕ್ಷಣ ಬಕೆಟ್ಟಿನ ತಣ್ಣೀರಿನಲ್ಲಿ ಎರಡೂ ಪಾದ ಇಳಿಬಿಟ್ಟು, ಕಣ್ಣು ಮುಚ್ಚಿ ಕೂತುಬಿಡುತ್ತಾಳೆ. ಮಾತಿಲ್ಲ, ಕತೆಯಿಲ್ಲ. ಅವಳು ಬೈದರೆ ನಾನು ಸಹಿಸಬಲ್ಲೆ, ಅಭ್ಯಾಸವಿದೆ. ಹೀಗೆ ಸುಮ್ಮನೆ ಕೂತರೆ ಮಾತ್ರ ಆಗದು. ಮುಲಾಮು ಹಚ್ಚಿದ್ದಾಯಿತು, ಚಪ್ಪಲಿ ಬದಲಾಯಿಸಿದ್ದಾಯಿತು. ಉರಿ ಮಾತ್ರ ಜಪ್ಪಯ್ಯ ಎಂದರೂ ಇಳಿಯಲಿಲ್ಲ.

ಹೀಗಿರುವಾಗ ಬೀದಿ ಕೊನೆಯ ಡಾಕ್ಟರಿಗೆ ಅವರ ಬಿಳಿ ಕೋಟು ಕೊಡಲು ಹೋದೆ. ಕ್ಲಿನಿಕ್ಕಿನ ಗೋಡೆಯ ಮೇಲೆ ದೊಡ್ಡ ಭಿತ್ತಿಪತ್ರ. ಥಯಮಿನ್ ಎಂದರೆ ಬಿ-ಒನ್ ವಿಟಮಿನ್ ಅಂತೆ. ತಿಂದದ್ದು ಶಕ್ತಿಯಾಗಬೇಕಾದರೆ, ನರ ಮತ್ತು ಹೃದಯ ನೆಟ್ಟಗೆ ಕೆಲಸ ಮಾಡಬೇಕಾದರೆ ಅದು ಬೇಕಂತೆ. ದೇಹ ಅದನ್ನು ಬಹಳ ದಿನ ಕೂಡಿಟ್ಟುಕೊಳ್ಳುವುದಿಲ್ಲವಂತೆ. ಕಡಿಮೆಯಾದರೆ ಸುಸ್ತು, ಕಾಲಲ್ಲಿ ಜೋಮು, ಉರಿ! ಅಕ್ಕಿಯನ್ನು ಬೆಳ್ಳಗೆ ಪಾಲಿಶ್ ಮಾಡಿದರೆ ಹೋಗುತ್ತದೆ, ಅನ್ನ ಬಸಿದ ನೀರಿನ ಜೊತೆಗೂ ಹೋಗುತ್ತದೆ. ಕೆಳಗೆ ಇನ್ನೂ ಏನೇನೋ ಬರೆದಿತ್ತು. ಅದನ್ನು ಓದುವ ತಾಳ್ಮೆ ಯಾರಿಗಿತ್ತು?

ಅನ್ನ ಬಸಿದ ನೀರು! ಅಂದರೆ ಗಂಜಿ! ನಾವು ಅಂಗಡಿ ಇಟ್ಟಾಗಿನಿಂದ ನಮ್ಮ ಮನೆಯ ಗಂಜಿ ಒಂದು ತೊಟ್ಟೂ ಮನುಷ್ಯರ ಬಾಯಿಗೆ ಬಿದ್ದದ್ದಿಲ್ಲ. ಎಲ್ಲ ಗಿರಾಕಿಗಳ ಕಾಲರಿಗೆ! ಊರಿನ ಕಾಲರುಗಳು ಥಯಮಿನ್ ಕುಡಿದು ಕತ್ತೆತ್ತಿ ಮೆರೆಯುತ್ತಿವೆ, ನನ್ನ ಹೆಂಡತಿ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದಾಳೆ! ನನಗೆ ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದವನೇ ಪರದೆ ಸರಿಸಿ ಘೋಷಿಸಿದೆ. "ಇವತ್ತಿಂದ ಅರ್ಧ ಗಂಜಿ ಅಂಗಿಗೆ, ಅರ್ಧ ಗಂಜಿ ನಮಗೆ!"

ಹೆಂಡತಿ ಇಸ್ತ್ರಿ ನಿಲ್ಲಿಸದೆಯೇ ಕೇಳಿದಳು, "ಯಾಕ್ರೀ, ಬಿಸಿಲಲ್ಲಿ ನಡ್ಕೊಂಡು ಬಂದ್ರಾ?"

"ನಿನ್ನ ಕಾಲುರಿಗೆ ಕಾರಣ ಸಿಕ್ತು ಕಣೇ! ದಿನಾ ಗಂಜಿ ಕುಡಿ. ನಿನ್ನ ಕಾಲು ಸರಿಹೋಗೋವರೆಗೂ ನಾನು ಬಿಡೋ ಪೈಕಿ ಅಲ್ಲ!"

ಒಳಗಿನಿಂದ ಅಮ್ಮನ ಧ್ವನಿ ಬಂತು. "ಇಷ್ಟು ವರ್ಷ ಅಂಗಿ ಕುಡಿದಿದ್ದನ್ನ ಈಗ ನಾವು ಕುಡೀಬೇಕೇನೋ? ನಾನೂ ಹಾಗೇ ಸೆಟೆದು ನಿಂತ್ಬಿಟ್ರೆ ಆಮೇಲೆ ಮಡಚೋರು ಯಾರಪ್ಪಾ?"

ಮೊದಮೊದಲು ಇಬ್ಬರೂ ಮುಖ ಸಿಂಡರಿಸಿಕೊಂಡು ಕುಡಿದರು. ಉರಿ ಇಳಿಯಲಿಲ್ಲ, ಗೊಣಗಾಟ ಏರಿತು. "ಸಪ್ಪೆ" ಎಂದಳು ಹೆಂಡತಿ. ಅಮ್ಮ ತನ್ನ ಪಾಲನ್ನು ಕಿಟಕಿಯ ಗಿಡಕ್ಕೆ ಸುರಿಯುತ್ತಿದ್ದುದು ಸಿಕ್ಕಿಬಿತ್ತು. ನಾನೇನು ಸೋಲುವವನೇ? ಒಂದು ಬೆಳಗ್ಗೆ ಮನೆಮಂದಿಯ ಗಂಜಿಗೆ ಹಿಂದುಮುಂದು ನೋಡದೆ ಸಕ್ಕರೆ ಸುರಿದೆ. ಅಂಗಡಿಯ ಗಂಜಿಗೆ ನೀಲಿ ಬೆರೆಸಿದೆ. ಆವತ್ತು ಡಾಕ್ಟರ ಕೋಟುಗಳ ಸರದಿ. ಬಿಳಿ ಬಟ್ಟೆ ಹೊಳೆಯಬೇಕಾದರೆ ಗಂಜಿಯಲ್ಲಿ ಎರಡು ಹನಿ ನೀಲಿ ಬೀಳಲೇಬೇಕು. ಡಾಕ್ಟರು ದೊಡ್ಡ ಗಿರಾಕಿಯಾದ್ದರಿಂದ ನಾನು ಕೈಬಿಚ್ಚಿ ಹಾಕಿದೆ.

"ರೀ, ಎರಡೂ ಒಂದೇ ಥರದ ಸ್ಟೀಲ್ ಡಬ್ಬಿ," ಎಂದಳು ಹೆಂಡತಿ. "ಒಂದಕ್ಕೆ ದಾರನಾದ್ರೂ ಕಟ್ಟಿ."

"ದಾರ? ನನಗೆ? ಇಡೀ ಬೀದಿಯ ಅಂಗಿಗಳನ್ನ ತಲೇಲಿ ಇಟ್ಕೊಂಡಿರೋನು ಎರಡು ಡಬ್ಬಿ ಅದಲುಬದಲು ಮಾಡ್ತೀನಾ?"

ಮಾಡಿದೆ. ಡಬ್ಬಿಯ ಗಂಜಿಯನ್ನು ಬಕೆಟ್ಟಿಗೆ ಸುರಿಯುವ ಹೊತ್ತಿಗೆ ಒಬ್ಬ ಗಿರಾಕಿ ಸಿಕ್ಕಿದ್ದ. ಅವನಿಗೆ ಥಯಮಿನ್ ಮಹಾತ್ಮೆಯ ಉಪನ್ಯಾಸ ಕೊಡುತ್ತಿದ್ದೆ. ಕೈ ಸುರಿಯಿತು, ಬಾಯಿ ಸುರಿಯಿತು, ಕಣ್ಣು ಎಲ್ಲಿತ್ತೋ ಗೊತ್ತಿಲ್ಲ. ಕೋಟುಗಳನ್ನು ಅದ್ದಿ, ಹಿಂಡಿ, ಬಿಸಿಲಿಗೆ ಹರವಿದೆ.

ಮಧ್ಯಾಹ್ನ ಇಸ್ತ್ರಿ ಮಾಡುತ್ತಿದ್ದವಳು ಮೂಗು ಅರಳಿಸಿದಳು. "ರೀ, ಪೆಟ್ಟಿಗೆ ಅಂಟ್ಕೊಳ್ತಿದೆ. ಸಕ್ಕರೆ ಸೀದ ವಾಸನೆ ಬೇರೆ ಬರ್ತಿದೆ."

"ಅದು ಥಯಮಿನ್ ವಾಸನೆ ಕಣೇ. ನಿನ್ನ ಮೂಗಿಗೆ ಹೊಸದು, ಅಷ್ಟೇ."

ಕೋಟುಗಳನ್ನು ಕ್ಲಿನಿಕ್ಕಿಗೆ ಮುಟ್ಟಿಸಿ ಬಂದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಡಬ್ಬಿಯೊಳಗೆ ಇಣುಕದೆಯೇ ಮೂವರಿಗೂ ಲೋಟ ತುಂಬಿಸಿದೆ. ಮನೆಯಲ್ಲಿ ನಾನೇ ಮಾಡಿದ ಕಾನೂನೊಂದಿತ್ತು: ಮೂಗು ಹಿಡಿದು, ಕಣ್ಣು ಮುಚ್ಚಿ, ಒಂದೇ ಗುಟುಕಿಗೆ ಕುಡಿಯಬೇಕು. ಕುಡಿದೆವು.

"ಎಲ್ಲೋ ನಿನ್ನ ಸಕ್ಕರೆ?" ಎಂದಳು ಅಮ್ಮ.

"ತಳದಲ್ಲಿ ಕೂತಿರತ್ತಮ್ಮಾ," ಎಂದು ಬಾಯಿ ತೆರೆದೆ.

ಹೆಂಡತಿ ಚಿಟ್ಟನೆ ಚೀರಿದಳು. ಅವಳು ಚೀರಿದ ಬಾಯಿ ನೋಡಿ ನಾನು ಚೀರಿದೆ. ಇಬ್ಬರ ಬಾಯಿಯನ್ನೂ ನೋಡಿದ ಅಮ್ಮ ತನ್ನ ನಾಲಿಗೆ ಚಾಚಿ ಕನ್ನಡಿಯ ಕಡೆ ಓಡಿದಳು. ಮೂರು ನಾಲಿಗೆ, ಮೂರೂ ಅಚ್ಚ ನೀಲಿ!

"ಅಯ್ಯಯ್ಯೋ, ಥಯಮಿನ್ ಪೂರ್ತಿ ಖಾಲಿಯಾಗಿದೆ!" ಎಂದೆ.

ಹೆಂಡತಿ ಡಬ್ಬಿಯೊಳಗೆ ಇಣುಕಿ ಹಣೆ ಚಚ್ಚಿಕೊಂಡಳು. "ಖಾಲಿಯಾಗಿರೋದು ನಿಮ್ಮ ತಲೆ! ನೀಲಿ ಕುಡಿಸಿದೀರಲ್ರೀ! ನಡೀರಿ ಡಾಕ್ಟ್ರ ಹತ್ರ!"

ಅಂಗಡಿಗೆ ಬಾಗಿಲೆಳೆದು ಮೂವರೂ ಓಡಿದೆವು. ಕಾಲುರಿಯವಳು ಕುಂಟುತ್ತ ಓಡುವುದನ್ನು ನೋಡಿ ನನಗೆ ಅಳುವೇ ಬಂತು. ವಾಸಿ ಮಾಡಲು ಹೋಗಿ ಇವಳನ್ನು ಎಲ್ಲಿಗೆ ತಂದು ನಿಲ್ಲಿಸಿದೆ ನಾನು! ಕ್ಲಿನಿಕ್ಕಿನ ಬೆಂಚಿನ ಮೇಲೆ ತುಟಿ ಬಿಗಿದು ಕೂತೆವು. ಆಗ ಅವಳು ನನ್ನ ಕಿವಿಯಲ್ಲಿ ಮೆಲ್ಲಗೆ ಉಸುರಿದಳು.

"ನೀಲಿ ನಾವು ಕುಡಿದ್ವಿ. ಹಾಗಾದ್ರೆ ಸಕ್ಕರೆ ಎಲ್ಲಿಗೆ ಹೋಯ್ತು ರೀ?"

ನನಗೆ ಕೋಟುಗಳು ನೆನಪಾದವು. ಅಷ್ಟರಲ್ಲಿ ಒಳಗಿನ ಬಾಗಿಲು ದಢಾರನೆ ತೆರೆಯಿತು. ಡಾಕ್ಟರು ಕತ್ತು ಕೆರೆಯುತ್ತ, ಬೆನ್ನು ಉಜ್ಜುತ್ತ, ಒಂದೇ ಕಾಲಲ್ಲಿ ಕುಣಿಯುತ್ತ ಹೊರಬಿದ್ದರು. ಕೋಟು ಕಿತ್ತು ನೆಲಕ್ಕೆಸೆದರು. ಕಾಲರಿನಿಂದ ಜೇಬಿನವರೆಗೆ ಇರುವೆಗಳ ಮೆರವಣಿಗೆ!

"ಯಾರ್ರೀ ಇದನ್ನ ಒಗೆದಿದ್ದು?"

ನಾನು ಬಾಯಿ ಬಿಟ್ಟರೆ ತಾನೇ? ತಲೆ ತಗ್ಗಿಸಿ ಕೈ ಎತ್ತಿದೆ.

"ಮಾತಾಡಿ! ಏನ್ ಹಾಕಿದ್ರಿ ಇದಕ್ಕೆ? ಬಾಯಿ ತೆಗೀರಿ!"

ತೆಗೆದೆ. ಡಾಕ್ಟರು ಬೆನ್ನು ಕೆರೆಯುವುದನ್ನೇ ಮರೆತರು. ಹೆಂಡತಿಯೂ ಅಮ್ಮನೂ ಶಿಸ್ತಾಗಿ ನಾಲಿಗೆ ಹೊರಹಾಕಿದರು. ಡಾಕ್ಟರು ಒಂದು ನಾಲಿಗೆಯಿಂದ ಇನ್ನೊಂದಕ್ಕೆ ಕಣ್ಣಾಡಿಸಿದರು. ವಿಧಿಯಿಲ್ಲದೆ ನಾನು ಆದದ್ದೆಲ್ಲ ಒದರಿದೆ. ಡಾಕ್ಟರಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ನಡುನಡುವೆ ಇರುವೆ ಕಚ್ಚಿತು. ನೀಲಿ ಯಾವುದು, ಎಷ್ಟು ಹೊಟ್ಟೆ ಸೇರಿತು ಎಂದು ವಿಚಾರಿಸಿ, ಮೂವರನ್ನೂ ಪರೀಕ್ಷಿಸಿ, ಏನೂ ಆಗಿಲ್ಲ ಎಂದರು. ನನ್ನ ಜೀವ ವಾಪಸು ಬಂತು.

"ಡಾಕ್ಟ್ರೇ, ನಮ್ಮದು ಬಿಡಿ," ಎಂದು ಹಟ ಹಿಡಿದೆ. "ಇವಳ ಕಾಲು ನೋಡಿ. ಇವಳಿಗೆ ಥಯಮಿನ್ ಬೇಕೇ ಬೇಕು!"

ಅವರು ಹೆಂಡತಿಯನ್ನು ಕೂರಿಸಿ, ಪಾದ ಒತ್ತಿ, ಮಂಡಿ ತಟ್ಟಿ, ಊಟತಿಂಡಿ ಏನೇನೆಂದು ಕೇಳಿದರು. "ಬೇಳೆ, ಬಟಾಣಿ, ಕಡಲೆಕಾಯಿ, ಗೋಧಿ ಎಲ್ಲಾ ತಿಂತಾರಲ್ಲ! ಅದರಲ್ಲೇ ಥಯಮಿನ್ ಬೇಕಾದಷ್ಟಿದೆ. ಭಿತ್ತಿಪತ್ರದ ಕೆಳಗಡೆ ಅದನ್ನೇ ಬರೆದಿರೋದು. ಕಾಲು ಉರಿದೋರಿಗೆಲ್ಲ ಥಯಮಿನ್ ಕಡಿಮೆ ಅಂತಲ್ಲ ಕಣ್ರೀ. ಇವರು ದಿನಕ್ಕೆ ಎಷ್ಟು ಹೊತ್ತು ನಿಂತಿರ್ತಾರೆ?"

"ಅಂಗಡಿ ತೆಗೆದಾಗಿಂದ ಮುಚ್ಚೋವರೆಗೂ."

"ಅಂಗಡೀಲಿ ಕೂರೋಕೆ ಏನೂ ಇಲ್ವಾ?"

"ಇಲ್ದೆ ಏನು ಡಾಕ್ಟ್ರೇ! ಒಳ್ಳೇ ಕೈಕುರ್ಚಿ ಇದೆ. ಮೆತ್ತನೆ ದಿಂಬೂ ಹಾಕಿಸಿದೀನಿ!" ಎಂದೆ, ಎದೆಯುಬ್ಬಿಸಿ.

"ಅದರಲ್ಲಿ ಯಾರು ಕೂರ್ತಾರೆ?"

ಹೆಂಡತಿ ನೆಲ ನೋಡಿದಳು. ನಾನು ಸೂರು ನೋಡಿದೆ. ಅಮ್ಮ ಮಾತ್ರ ನೀಲಿ ನಾಲಿಗೆ ಅಲ್ಲಾಡಿಸಿ ಸಾಕ್ಷಿ ನುಡಿದೇಬಿಟ್ಟಳು. "ಇವನೇ. ಇನ್ಯಾರು?"

ಡಾಕ್ಟರು ಚೀಟಿ ಬರೆದುಕೊಟ್ಟರು. ಮಾತ್ರೆಯಿಲ್ಲ, ಟಾನಿಕ್ಕಿಲ್ಲ. 'ಕುರ್ಚಿ. ದಿನಕ್ಕೆ ಹಲವು ಬಾರಿ. ಗಂಡ ಎದ್ದ ಮೇಲೆ.'

ಈಗ ಕೈಕುರ್ಚಿಯಲ್ಲಿ ಕೂತು ಬಟ್ಟೆ ಕೊಡುವವಳು, ತೆಗೆದುಕೊಳ್ಳುವವಳು ಅವಳು. ಕಾಲುರಿ ಮೆಲ್ಲಮೆಲ್ಲಗೆ ಇಳಿಯುತ್ತಿದೆ. ಸಂಜೆ ಮಾತೂ ಆಡುತ್ತಾಳೆ, ಬೈಯುತ್ತಾಳೆ, ನನಗೆ ಹಾಯೆನಿಸುತ್ತದೆ. ಇಸ್ತ್ರಿಯ ಖಾತೆ ನನ್ನದು. ಮೊನ್ನೆ ಸಂಜೆಯ ಹೊತ್ತಿಗೆ ನನ್ನ ಪಾದಗಳು ಚುರುಗುಟ್ಟತೊಡಗಿದವು. ಮೆಲ್ಲನೆ ಪೀಠಿಕೆ ಹಾಕಿದೆ.

"ಯಾಕೋ ಕಾಲು ಉರೀತಿದೆ ಕಣೇ. ನನಗೂ ಏನೋ ಕಡಿಮೆಯಾಗಿರಬೇಕು."

ಅವಳು ಕುರ್ಚಿಯಿಂದ ಅಲ್ಲಾಡಲಿಲ್ಲ. "ಕುರ್ಚಿ ಕಡಿಮೆಯಾಗಿದೆ. ನಾಳೆ ಹೋಗಿ ಇನ್ನೊಂದು ತನ್ನಿ. ಅಲ್ಲಿವರೆಗೆ ಆ ಅಂಗಿ ತೋಳು ಸ್ವಲ್ಪ ಎಳೆದು ತಿಕ್ಕಿ ರೀ, ಸುಕ್ಕು ಇಲ್ಲಿಗೇ ಕಾಣ್ತಿದೆ!"