ಎಫ್ರಾಸಿಯಾಳ ದವಡೆಯ ಪಾಠ

ಎಲ್ಲ ಅನಾಹುತಕ್ಕೂ ಕಾರಣ ಒಂದು ಚಿನ್ನದ ಹಲ್ಲು. ಅದರ ನಡುವೆ ಕೊರೆದಿದ್ದ ನಕ್ಷತ್ರ ಎಕ್ಸ್‌ರೇಯಲ್ಲಿ ಅಷ್ಟು ಚೆನ್ನಾಗಿ ಕಾಣುತ್ತದೆ ಎಂದು ಡಾಕ್ಟರ್ ಒವಿಡಿಯೊ ಕಿಸ್ಬೆರ್ತ್‌ಗೆ ಹೊಳೆಯಲೇ ಇಲ್ಲ. ಅವನ ಕಣ್ಣೆಲ್ಲ ಮುರಿದ ಮೂಳೆಯ ಮೇಲಿತ್ತು.

ಒರುರೊ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅವನದು ವರ್ಷದ ಗುತ್ತಿಗೆಯ ಕೆಲಸ. ಹನ್ನೊಂದು ಮಂದಿ ಇಂಟರ್ನ್‌ಗಳಿಗೆ ಪಾಠ ಹೇಳಬೇಕು. ಅವರು ಪುಸ್ತಕ ತೆರೆಯುವವರಲ್ಲ, ಮೊಬೈಲ್ ಮುಚ್ಚುವವರೂ ಅಲ್ಲ. ಹಾಗಾದರೆ ಪಾಠವನ್ನೇ ಮೊಬೈಲಿಗೆ ಕಳಿಸಿ ಎಂದು ನಿರ್ದೇಶಕಿ ಅಪ್ಪಣೆ ಮಾಡಿದ್ದರು. ಒವಿಡಿಯೊ ‘ಇವತ್ತಿನ ಕೇಸು’ ಎಂಬ ಫೇಸ್‌ಬುಕ್ ಪುಟ ತೆರೆದು ಎಂಟು ತಿಂಗಳಿಂದ ದಿನಕ್ಕೊಂದು ಕೇಸು ಹಾಕುತ್ತಿದ್ದ. ಹಾಕಿದ್ದಕ್ಕೆಲ್ಲ ಅವನ ಸೋದರತ್ತೆಯೊಬ್ಬರು ಕೈಮುಗಿಯುವ ಚಿತ್ರ ಅಂಟಿಸುತ್ತಿದ್ದರು. ಮೂಲವ್ಯಾಧಿಯ ಕೇಸಿಗೂ ಕೈಮುಗಿದಿದ್ದರು.

ಇವತ್ತು ಸಂಜೆ ನಾಲ್ಕಕ್ಕೆ ಲಾ ಪಾಸ್‌ನಿಂದ ಹಿರಿಯ ಪರೀಕ್ಷಕ ಡಾಕ್ಟರ್ ಅರ್ಸಾಬೆ ಬರುವವರಿದ್ದರು. ದಿನದ ಪಾಠ ‘ದವಡೆ ಮುರಿತ’ ಎಂದು ಅವರಿಗೆ ಮೊದಲೇ ಬರೆದು ಕಳಿಸಿಯಾಗಿತ್ತು. ಅದರ ಮೇಲೆಯೇ ಪ್ರಶ್ನೆ. ಪುಟದಿಂದ ಇಂಟರ್ನ್‌ಗಳು ಕಲಿತಿದ್ದಾರೆ ಎಂದು ಅವರು ಬರೆದರೆ ಒವಿಡಿಯೊನ ಕೆಲಸ ಕಾಯಂ. ಬರೆಯದಿದ್ದರೆ ತಿಂಗಳ ಕೊನೆಗೆ ಅವನು ಮನೆಗೆ.

ಬೆಳಿಗ್ಗೆ ಏಳಕ್ಕೆ ಅವನು ದವಡೆಯ ಎಕ್ಸ್‌ರೇ ಹಾಕಿದ. ಹೆಸರು, ವಯಸ್ಸು, ತಾರೀಖು, ಆಸ್ಪತ್ರೆ, ಎಲ್ಲ ಅಳಿಸಿದ. ರೋಗಿ ಯಾರೆಂದು ಹೊರಗೆ ಗೊತ್ತಾದರೆ ಕೆಲಸವಷ್ಟೇ ಅಲ್ಲ, ವೈದ್ಯನ ಪರವಾನಗಿಯೂ ಹೋಗುತ್ತದೆ ಎಂಬ ಕಾಗದಕ್ಕೆ ಅವನು ಸಹಿ ಹಾಕಿದ್ದ. ಕೆಳಗೆ ಎರಡು ಪ್ರಶ್ನೆ ಬರೆದ: ದವಡೆ ಎಲ್ಲೆಲ್ಲಿ ಮುರಿದಿದೆ? ಏಟು ಯಾವ ಕಡೆಯಿಂದ ಬಿದ್ದಿದೆ?

ಏಳೂವರೆಗೆ ಮೊದಲ ಉತ್ತರ ಬಂತು. ಬರೆದವನು ಇಂಟರ್ನ್ ಅಲ್ಲ, ರೈಲು ನಿಲ್ದಾಣದ ಎದುರು ಹಲ್ಲು ಕಟ್ಟಿಕೊಡುವ ದೊನ್ ತೊರಿಬಿಯೊ. ‘ಈ ನಕ್ಷತ್ರ ನನ್ನ ಕೈಕೆಲಸ. ಆಸ್ಪತ್ರೆ ಗೇಟಿನಲ್ಲಿ ಆಪಿ ಮಾರುವ ದೊನ್ಯಾ ಎಫ್ರಾಸಿಯಾ ಅವರಿಗೆ ಕೂರಿಸಿದ್ದು. ಬೇಕಾದವರು ಅಂಗಡಿಗೆ ಬಂದು ನೋಡಬಹುದು.’

ಒವಿಡಿಯೊ ಎಕ್ಸ್‌ರೇಯನ್ನು ದೊಡ್ಡದು ಮಾಡಿ ನೋಡಿದ; ನಕ್ಷತ್ರ ಅಲ್ಲೇ ಇತ್ತು.

ಎಫ್ರಾಸಿಯಾ ಹದಿನೈದು ದಿನದಿಂದ ಹಲ್ಲಿಗೆ ತಂತಿ ಬಿಗಿಸಿಕೊಂಡೇ ಮೆಕ್ಕೆಜೋಳದ ಬಿಸಿ ಆಪಿ ಮಾರುತ್ತಿದ್ದಳು. ಮಿನಿಬಸ್ಸಿನ ಮೆಟ್ಟಿಲಿಂದ ಜಾರಿ ಬಿದ್ದೆ ಎಂದು ಊರಿಗೆಲ್ಲ ಹೇಳಿದ್ದಳು. ಈಗ ಊರು ಒವಿಡಿಯೊನ ಎರಡನೆಯ ಪ್ರಶ್ನೆಯನ್ನು ಕಚ್ಚಿ ಹಿಡಿಯಿತು. ಬಿದ್ದದ್ದಾದರೆ ಏಟು ಗದ್ದದ ತುದಿಗಲ್ಲವೇ ಬೀಳಬೇಕು, ಇದು ಪಕ್ಕದಿಂದ ಬಿದ್ದದ್ದು, ಅಂದರೆ ಯಾರೋ ಹೊಡೆದಿದ್ದಾರೆ ಎಂದು ಈರುಳ್ಳಿ ಮಾರುವವಳೊಬ್ಬಳು ಸರಿಯಾಗಿಯೇ ತೀರ್ಮಾನಿಸಿದಳು. ಗಂಡ ಸೆರಾಪಿಯೊ ಎಂದು ಆಲೂಗಡ್ಡೆಯವಳು ಸೇರಿಸಿದಳು. ಎಂಟು ತಿಂಗಳಲ್ಲಿ ಒಂದೂ ಉತ್ತರ ಕಾಣದ ಪುಟದಲ್ಲಿ ಅರ್ಧ ಗಂಟೆಗೆ ನಾನೂರು ಉತ್ತರ. ಸೋದರತ್ತೆ ನಾನೂರಕ್ಕೂ ಕೈಮುಗಿದರು.

ಎರಡು ಸಲ ಅಳಿಸಿದರೂ ತೊರಿಬಿಯೊ ಮತ್ತೆ ಬರೆದಾಗ ಒವಿಡಿಯೊ ಫೋನು ಮಾಡಿ, ಇನ್ನು ಬರೆಯಬೇಡಿ ಎಂದು ಅಂಗಲಾಚಿದ. ಬೆಳಿಗ್ಗೆಯಿಂದ ಮೂವರು ಹೊಸ ಗಿರಾಕಿಗಳು ಬಂದಿದ್ದಾರೆ, ಮುಂದಿನ ವಾರವೂ ಪುಟಕ್ಕೆ ಒಂದು ಹಲ್ಲು ಹಾಕಿ ಎಂದು ತೊರಿಬಿಯೊ ಹರಸಿದ. ಬೇರೆ ದಾರಿ ಕಾಣದೆ ಒವಿಡಿಯೊ ಪಾಠವನ್ನೇ ತೆಗೆದುಹಾಕಿದ. ಅಷ್ಟರಲ್ಲಿ ದವಡೆ ಮಾರ್ಕೆಟ್ಟಿನ ಎಲ್ಲ ಮೊಬೈಲಿಗೂ ಹೋಗಿತ್ತು. ಗೇಟಿನ ಕಾವಲುಗಾರನೂ ಅದನ್ನು ತೋರಿಸಿ, ಬಲಗಿವಿಯ ಮುಂದೆ ಇನ್ನೊಂದು ಬಿರುಕಿದೆ ನೋಡಿ ಡಾಕ್ಟ್ರೇ ಎಂದ. ಸರಿಯಾದ ಉತ್ತರ ಅದೇ.

ಹತ್ತು ಗಂಟೆಗೆ ಒವಿಡಿಯೊ ಆಪಿ ಅಂಗಡಿಗೆ ಹೋದಾಗ ಸಾಲು ರಸ್ತೆಯ ತಿರುವಿನವರೆಗೆ ಬೆಳೆದಿತ್ತು. ಯಾರಿಗೂ ಆಪಿ ಬೇಕಾಗಿರಲಿಲ್ಲ. ಅವನು ದೊಡ್ಡ ಪಾತ್ರೆಯ ಹಿಂದೆ ಬಗ್ಗಿ ಪಿಸುಗುಟ್ಟಿದ.

“ದೊನ್ಯಾ ಎಫ್ರಾಸಿಯಾ, ಆ ದವಡೆ ನಂದಲ್ಲ ಅಂತ ಒಂದು ಮಾತು ಹೇಳಿಬಿಡಿ. ನನ್ನ ಬದುಕು ನಿಮ್ಮ ಕೈಲಿದೆ.”

“ಮತ್ತೆ ಯಾರದು ಅನ್ಲಿ ಮರಿ ಡಾಕ್ಟ್ರೇ, ಬಿಷಪ್ಪರದಾ?” ಎಂದಳು ಎಫ್ರಾಸಿಯಾ ತಂತಿಯ ಸಂದಿನಿಂದ. “ನನ್ನ ಗಂಡನ್ನ ಮಾರ್ಕೆಟ್ಟಿನ ಹೆಂಗಸ್ರು ಪೊರಕೆ ಹಿಡ್ಕೊಂಡು ಹುಡುಕ್ತಿದಾರೆ. ಕೋಳೀನ ಉಶ್ ಅನ್ನೋಕೂ ಹೆದರೋ ಗಂಡಸು, ನೀರಿನ ಡ್ರಮ್ಮಲ್ಲಿ ಕೂತಿದಾನೆ. ಏಟು ಯಾವ ಕಡೆಯಿಂದ ಅಂತ ಕೇಳಿದ್ರಲ್ಲ, ಈಗ ಊರಿಗೆಲ್ಲ ಹೇಳ್ಬೇಕು ನಾನು. ಸರೀರಿ, ಸಾಲು ಕೆಡುತ್ತೆ.”

ಹೇಳಿದಳು. ಮಾರ್ಕೆಟ್ಟಿನ ಮೊರೆನಾದಾ ತಂಡದಲ್ಲಿ ಇಪ್ಪತ್ತೆರಡು ವರ್ಷದಿಂದ ಕುಣಿಯುವ ಎಫ್ರಾಸಿಯಾ, ಜ್ವರವೆಂದು ಸುಳ್ಳು ಹೇಳಿ ರೈಲ್ವೆಯವರ ಎದುರಾಳಿ ತಂಡದ ತಾಲೀಮಿಗೆ ಕದ್ದು ಹೋಗಿದ್ದಳು. ಅಲ್ಲಿ ಪಕ್ಕದವನು ಗಿರ್ರನೆ ತಿರುಗಿಸಿದ ಮರದ ಗಿಲಕಿ ದವಡೆಗೆ ಬಿದ್ದಿತ್ತು. ಊರಿಗೆ ಇದು ಗಂಡ ಹೊಡೆದದ್ದಕ್ಕಿಂತ ದೊಡ್ಡ ಸುದ್ದಿ. ಜನ ನಂಬಲಿಲ್ಲ, ಸಾಕ್ಷಿ ಕೇಳಿದರು. ಅವಳು ಸೌಟು ಎತ್ತಿ ತನ್ನ ಮುಖದ ಮೇಲೆಯೇ ತೋರಿಸತೊಡಗಿದಳು.

ಆ ಗುಂಪಿನಲ್ಲಿ ತನ್ನ ಹನ್ನೊಂದು ಇಂಟರ್ನ್‌ಗಳೂ ಎಣ್ಣೆ ಜಿನುಗುವ ಬುನ್ಯುವೆಲೊ ಮೆಲ್ಲುತ್ತ ನಿಂತಿರುವುದು ಒವಿಡಿಯೊನ ಕಣ್ಣಿಗೆ ಬಿತ್ತು. ಸಂಜೆ ಪರೀಕ್ಷೆ, ಇವರಿಗೆ ಕರಿದ ತಿಂಡಿ. ಹೋಗಿ ಓದಿ ಎಂದು ಗದರಿದ. ಏನು ಓದಬೇಕು ಸರ್ ಎಂದು ಕೇಳಿದಳು ಯಮೀಲೆ, ಅವರ ಮುಂದಾಳು ಹುಡುಗಿ. ಪುಟ ನೋಡಿ ಎನ್ನಲು ಬಾಯಿ ತೆರೆದವನು ಪುಟದಲ್ಲಿ ಏನೂ ಇಲ್ಲವೆಂಬುದು ನೆನಪಾಗಿ ಹಾಗೆಯೇ ಮುಚ್ಚಿಕೊಂಡು ಓಡಿದ.

ಮಧ್ಯಾಹ್ನ ಅವನು ಊಟ ಮಾಡಲಿಲ್ಲ. ಬೇರೆ ಊರಿನಲ್ಲಿ ಔಷಧಿ ಅಂಗಡಿ ಇಟ್ಟಿರುವ ಗೆಳೆಯನೊಬ್ಬನ ನಂಬರು ಹುಡುಕಿ ಇಟ್ಟುಕೊಂಡ.

ನಾಲ್ಕಕ್ಕೆ ಅರ್ಸಾಬೆ ಬಂದರು. ಇಸ್ತ್ರಿ ಮಾಡಿದ ಬೇಸರದಂಥ ಮುಖ. ದವಡೆಗೆ ಎಡಗಡೆ ಏಟು ಬಿದ್ದರೆ ಎಲ್ಲೆಲ್ಲಿ ನೋಡಬೇಕು ಎಂದು ಕೇಳಿದರು. ಒವಿಡಿಯೊ ಕಣ್ಣು ಮುಚ್ಚಿಕೊಂಡ.

ಎಡಗಡೆ ಏಟು ಬಿದ್ದಲ್ಲಿ, ಜೊತೆಗೆ ಬಲಗಿವಿಯ ಮುಂದೆ ಎಂದ ಒಬ್ಬ. ದವಡೆ ಬಳೆಯ ಹಾಗೆ ಸರ್, ಸಾಮಾನ್ಯವಾಗಿ ಎರಡು ಕಡೆ ಮುರಿಯುತ್ತದೆ ಎಂದ ಇನ್ನೊಬ್ಬ. ಬಾಯಿ ತೆರೆಸಿದರೆ ಗದ್ದ ಬಲಕ್ಕೆ ವಾಲುತ್ತದೆ ಎಂದಳು ಮೂರನೆಯವಳು. ತಂತಿ ಬಿಗಿದವರಿಗೆ ವಾಂತಿ ಬಂದರೆ ಏನು ಮಾಡಬೇಕು ಎಂಬುದನ್ನು ಕೇಳದೆಯೇ ಹೇಳಿದರು. ಹನ್ನೊಂದಕ್ಕೆ ಹನ್ನೊಂದೂ ಪಾಸು. ಒವಿಡಿಯೊ ಕಣ್ಣು ತೆರೆದಾಗ ಅವು ಒದ್ದೆಯಾಗಿದ್ದವು.

“ಇಷ್ಟು ಚೆನ್ನಾಗಿ ಎಲ್ಲಿ ಕಲಿತ್ರಿ?” ಎಂದರು ಅರ್ಸಾಬೆ.

“ಗೇಟಿನ ಹತ್ರ ಸರ್,” ಎಂದಳು ಯಮೀಲೆ. “ಆಪಿ ಮಾರೋ ದೊನ್ಯಾ ಎಫ್ರಾಸಿಯಾ. ಹದಿನೈದು ದಿನದಿಂದ ಬರೀ ಜಾರಿ ಬಿದ್ದೆ ಅಂತಿದ್ರು. ಇವತ್ತು ತಮ್ಮ ದವಡೇನೇ ಮುಟ್ಟಿ ಎಲ್ಲ ತೋರಿಸಿದ್ರು.”

“ಫೇಸ್‌ಬುಕ್ ಪುಟ?”

“ಅಲ್ಲಿ ನಮ್ಮಮ್ಮ ಇರ್ತಾರೆ ಸರ್.”

ಉಳಿದ ಹತ್ತು ತಲೆಗಳೂ ಹೌದೆಂದು ಆಡಿದವು. ಅಮ್ಮಂದಿರು ಇರುವ ಕಡೆಗೆ ಅವರು ಯಾರೂ ಎಂಟು ತಿಂಗಳಲ್ಲಿ ಕಾಲಿಟ್ಟಿರಲಿಲ್ಲ. ಅರ್ಸಾಬೆ ಪುಟ ತೆರೆದು ನೋಡಿದರು. ಇವತ್ತಿನ ಜಾಗ ಬೋಳು.

ಮುದುಕರು ಕನ್ನಡಕ ತೆಗೆದು ಒರೆಸಿಕೊಂಡರು. “ರೋಗಿ ಹತ್ರ ನಿಂತು ಕಲೀರಿ ಅಂತ ನಲವತ್ತು ವರ್ಷದಿಂದ ಬಡ್ಕೊಳ್ತಿದೀನಿ. ಇವತ್ತು ಕಣ್ಣಾರೆ ಕಂಡೆ. ಆದ್ರೆ ಒಂದು ಅರ್ಥ ಆಗ್ಲಿಲ್ಲ. ಹದಿನೈದು ದಿನ ಸುಮ್ಮನಿದ್ದ ಹೆಂಗಸು ಇವತ್ತೇ ಯಾಕೆ ಹೇಳಿದ್ಲು? ಯಾರಾದ್ರೂ ಹೇಳಿಸಿದ್ರಾ? ಹಾಗೊಬ್ಬ ಇದ್ರೆ ಅವನೇ ನಿಜವಾದ ಮೇಷ್ಟ್ರು, ಅವನ ಹೆಸರು ಇಲ್ಲೇ ಬರೀತೀನಿ.”

ನಾನು ಎಂಬ ಒಂದು ಮಾತು ಒವಿಡಿಯೊನ ನಾಲಗೆಯ ತುದಿಗೆ ಬಂದು ನಿಂತಿತು. ಅದನ್ನು ಹೇಳಿದರೆ ಹೇಗೆ ಹೇಳಿಸಿದೆ ಎಂಬುದನ್ನೂ ಹೇಳಬೇಕು. ಮಾರ್ಕೆಟ್ಟಿನ ಸುದ್ದಿ ಪೂರ್ತಿ ತಿಳಿದಿದ್ದ ಇಂಟರ್ನ್‌ಗಳು ಅವನನ್ನು ಉಳಿಸಲೆಂದೇ ತುಟಿ ಬಿಗಿಹಿಡಿದು ಗೋಡೆ ನೋಡುತ್ತಿದ್ದರು. ಎಂಟು ತಿಂಗಳಲ್ಲಿ ಅವರು ಅವನಿಗೆ ತೋರಿಸಿದ ಮೊದಲ ಮರ್ಯಾದೆ ಅದು.

“ಏನು ಡಾಕ್ಟ್ರೇ, ನಿಮಗೇನಾದ್ರೂ ಗೊತ್ತಾ?”

“ಗೊತ್ತಿಲ್ಲ ಸರ್,” ಎಂದ ಒವಿಡಿಯೊ. “ನಾನು ಆ ಕಡೆ ಹೋಗೇ ಇಲ್ಲ.”

ಅರ್ಸಾಬೆ ನಿರಾಶೆಯಿಂದ ತಲೆಯಾಡಿಸಿ ಬರೆಸತೊಡಗಿದರು. ವರದಿ ದುಂಡಗಿನ ಅಕ್ಷರದಲ್ಲಿರಲಿ ಎಂದು ಪೆನ್ನನ್ನು ಒವಿಡಿಯೊನಿಗೇ ಕೊಟ್ಟರು. ಪುಟದಿಂದ ಯಾರೂ ಏನೂ ಕಲಿತಿಲ್ಲ, ಅದನ್ನು ಮುಚ್ಚತಕ್ಕದ್ದು. ಇಂಟರ್ನ್‌ಗಳನ್ನು ದಿನವೂ ಬೆಳಿಗ್ಗೆ ಗೇಟಿಗೆ ಕಳಿಸತಕ್ಕದ್ದು. ಕಲಿಸುವವರು ಪುಕ್ಕಟೆ ಸಿಗುವಾಗ ಗುತ್ತಿಗೆಯ ಮೇಷ್ಟ್ರು ಬೇಡ.

ಒವಿಡಿಯೊ ದುಂಡಗೆ ಬರೆದುಕೊಂಡು ಬಂದ. ಕೊನೆಯ ಸಾಲಿಗೆ ಬಂದಾಗ ತಲೆಯೆತ್ತಿದ.

“ಹುದ್ದೆ ಅನಗತ್ಯ ಅಂತ ಬರೀಲಾ ಸರ್, ರದ್ದು ಅಂತ ಬರೀಲಾ?”

“ಎರಡನ್ನೂ ಬರೀರಿ,” ಎಂದರು ಅರ್ಸಾಬೆ. “ಆಮೇಲೆ ಯಾರಿಗೂ ಅನುಮಾನ ಇರಬಾರದು.”